ಒಮ್ಮೆಯೂ ಮೆಟ್ಟದ ಜೋಡು

ಹಳಿಯಾಳದ ಸಂತೆಪೇಟೆಯಲ್ಲಿ ಸಮಗಾರ ಗೂಳಪ್ಪನ ಚಪ್ಪಲಿಗೆ ಹೆಸರಿತ್ತು. ಆ ಹೆಸರು ಸುಮ್ಮನೆ ಬಂದದ್ದಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಹೊರುವ ಲಾರಿಗಳ ಸವೆದ ಟೈರು ತಂದು ಅಟ್ಟೆ ಕೊಯ್ಯುತ್ತಿದ್ದ. ಅದರ ಮೇಲೆ ಎಮ್ಮೆಯ ಚರ್ಮ ಹಾಸಿ, ಮೇಣ ತಿಕ್ಕಿದ ದಾರದಿಂದ ಕೈಹೊಲಿಗೆ ಹಾಕುತ್ತಿದ್ದ. ಮೊಳೆ ಹೊಡೆಯುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. “ಮೊಳಿ ಹೊಡ್ಯಾಕ ಬಡಿಗ್ಯಾರ ಅದಾರ, ನಾ ಯಾಕ ಬೇಕು?” ಎನ್ನುತ್ತಿದ್ದ. ಜೋಯಿಡಾದ ಕಲ್ಲುದಾರಿಗೂ ಮುಂಡಗೋಡದ ಕೆಸರಿಗೂ ಜಗ್ಗದ ಚಪ್ಪಲಿ ಅವು. ಒಂದು ಜೋಡು ಒಯ್ದವನು ಎರಡು ವರ್ಷ ಆ ಕಡೆ ತಲೆ ಹಾಕುತ್ತಿರಲಿಲ್ಲ. ಇದರಿಂದ ವ್ಯಾಪಾರ ಕಡಿಮೆಯೇ ಆಗುತ್ತಿತ್ತು, ಜಂಬ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು.

ಜಂಬಕ್ಕೆ ಇನ್ನೊಂದು ಕಾರಣ ಅಳತೆಕಡ್ಡಿಗಳು. ಕಾಡಿನ ಹಳ್ಳಿಗಳ ಗಂಡಸರು ಚಪ್ಪಲಿಗೆಂದು ಕೆಲಸ ಬಿಟ್ಟು ಬರುವಂತಿರಲಿಲ್ಲ. ಮನೆಯ ಹೆಂಗಸರು ಸಂತೆಗೆ ಬರುವಾಗ ಬಿದಿರಿನ ಸೀಳೊಂದನ್ನು ಗಂಡನ ಪಾದದುದ್ದಕ್ಕೆ ಕಡಿದು, ಅಗಲಕ್ಕೊಂದು ಕಚ್ಚು ಹಾಕಿ ತಂದುಕೊಡುತ್ತಿದ್ದರು. ಗೂಳಪ್ಪ ಅವನ್ನು ತನ್ನ ಚಪ್ಪರದ ತಟ್ಟಿಗೆ ಸಿಕ್ಕಿಸುತ್ತಿದ್ದ. ಹಳಿಯಾಳ, ಜೋಯಿಡಾ ಕಡೆಯವು ಎಡಕ್ಕೆ, ಮುಂಡಗೋಡ ಕಡೆಯವು ಬಲಕ್ಕೆ. ಅಕ್ಷರ ಬಾರದ ಮನುಷ್ಯ, ಆದರೂ ಯಾರ ಕಡ್ಡಿ ಯಾವುದೆಂದು ಒಮ್ಮೆಯೂ ತಪ್ಪಿದವನಲ್ಲ. “ಕಡ್ಡಿ ನೋಡಿದ್ರ ಸಾಕು, ಕಾಲಿನ ಜಾತಕಾನ ಹೇಳತೇನಿ” ಎಂದು ಬಂದವರೆದುರು ಕೊಚ್ಚಿಕೊಳ್ಳುತ್ತಿದ್ದ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಕ್ರಿಸ್ತಿನಾ ಬಂದಳು. ಸಿದ್ದಿಯರ ಹೆಣ್ಣುಮಗಳು. ಹಳಿಯಾಳ ಕಡೆಯ ಕಾಡಂಚಿನ ಹಳ್ಳಿಯಿಂದ ಅಂಟುವಾಳದ ಬುಟ್ಟಿ ಹೊತ್ತು ತಂದು, ಗೂಳಪ್ಪನ ಚಪ್ಪರದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಸೇರಿನಿಂದ ಅಳೆದು ಮಾರುತ್ತಿದ್ದಳು. ಅವಳ ಗಂಡ ಪೆದ್ರು ಕಾಡಿಗೆ ಬೆಂಕಿ ಬೀಳದಂತೆ ಕಾಯುವ ವಾಚರ್. ಬೇಸಿಗೆ ಮುಗಿಯುವತನಕ ಸಂತೆಗೆ ಕಾಲಿಡುವಂತಿರಲಿಲ್ಲ.

“ಗೂಳಪ್ಪಣ್ಣಾ, ದಿನಾ ಹತ್ತು ಹನ್ನೆರಡು ಮೈಲು ನಡೀತಾರ ಅವರು. ಕಡದ ಬಿದಿರಿನ ಕೂಳಿ ಅಂದ್ರ ಚಾಕು ಇದ್ದಂಗ ಇರ್ತಾವ. ರಬ್ಬರ್ ಚಪ್ಪಲಿ ತಿಂಗಳಾನೂ ಬಾಳೂದಿಲ್ಲ. ಗಟ್ಟಿನೂ ಇರಬೇಕು, ಕಾಲಿಗೆ ಮೆತ್ತಗನೂ ಇರಬೇಕು ನೋಡ್ರಿ” ಎಂದು ಕಡ್ಡಿ ಕೊಟ್ಟಳು. ಹಿಮ್ಮಡಿಯ ತುದಿಗೆ ಸಣ್ಣದೊಂದು ಶಿಲುಬೆ ಗೀರಿದ್ದಳು. “ಅದಲು ಬದಲು ಆಗಬಾರದಂತ ಗುರ್ತು ಹಾಕೇನಿ.”

ಗೂಳಪ್ಪ ನಕ್ಕ. “ನನ್ನ ಕಡೆ ಅದಲು ಬದಲು ಆಗೂದು ಹುಟ್ಟೂದಕ್ಕಿಂತ ಮೊದಲ ಸತ್ತೈತಿ, ಕ್ರಿಸ್ತಿನಾಬಾಯಿ.”

ಅದೇ ವಾರ ಗಾಳಿಮಳೆ ಬಂದು ಚಪ್ಪರದ ತಟ್ಟಿ ಉರುಳಿತು. ಕಡ್ಡಿಗಳೆಲ್ಲ ಕೆಳಗೆ ಬಿದ್ದವು. ಗೂಳಪ್ಪ ಬಾಚಿ ಎತ್ತಿಕೊಂಡು, ನೋಡಿದ ಹಾಗೆ ಮಾಡಿ ಸಿಕ್ಕಿಸತೊಡಗಿದ. “ಒಂದೊಂದ ನೋಡಿ ಸಿಗಸ್ರಿ” ಎಂದಳು ಹೆಂಡತಿ ಮಾಲವ್ವ. ಮೂವತ್ತು ವರ್ಷದಿಂದ ಚರ್ಮದ ಕೆಲಸ ಮಾಡಿದವನಿಗೆ ಬುದ್ಧಿ ಹೇಳುತ್ತೀಯಾ ಎಂಬಂತೆ ಅವಳನ್ನು ದುರುಗುಟ್ಟಿ ನೋಡಿದ. ಅವಳು ಒಳಗೆ ಹೋದಳು.

ಚಪ್ಪಲಿ ಒಯ್ದ ಎರಡನೇ ಸಂತೆಗೆ ಕ್ರಿಸ್ತಿನಾ ಅವನ್ನು ತಿರುಗಿ ತಂದಳು. ಹಿಮ್ಮಡಿ ಹೊರಗೆ ಜೋತು ಬೀಳುತ್ತದೆ, ಹೆಬ್ಬೆರಳು ಸಿಕ್ಕಿಸುವ ಉಂಗುಟ ಕಚ್ಚಿ ಗಾಯವಾಗಿದೆ ಎಂದಳು. ಸಂತೆಯ ದಿನ, ಚಪ್ಪರದೆದುರು ಐದಾರು ಜನ ಚಹಾ ಕುಡಿಯುತ್ತ ನಿಂತಿದ್ದರು.

“ಕಡ್ಡಿ ಗಿಡ್ಡ ಕಡದು ತಂದ್ರ ನಾ ಏನ ಮಾಡಲಿ?”

“ಇಲ್ಲಣ್ಣಾ, ಕಾಲ ಕೆಳಗ ಇಟ್ಟು ಕಡದೇನಿ. ನನ್ನ ಕಡ್ಡಿ ಖರೇ ಐತಿ.”

“ಕುಣೀಲಿಕ್ಕೆ ಬಾರದಾಕಿ ನೆಲಾ ಡೊಂಕ ಅಂದಳಂತ!” ಎಂದ ಗೂಳಪ್ಪ. ನಿಂತವರು ಗೊಳ್ಳೆಂದು ನಕ್ಕರು. ನಗು ಸಿಕ್ಕಿದ್ದೇ ಅವನಿಗೆ ಇನ್ನಷ್ಟು ಹುರುಪು. ಉಂಗುಟಕ್ಕೆ ನಾಲ್ಕು ಪೆಟ್ಟು ಹಾಕಿ ಚಪ್ಪಲಿ ಕೈಗೆ ಕೊಟ್ಟ. “ಹೊಸಾ ಚರ್ಮ, ಕಚ್ಚತೈತಿ. ಔಡಲೆಣ್ಣಿ ಹಚ್ಚಿ ಮೆಟ್ಟಾಕ ಹೇಳು. ಹದಿನೈದು ದಿನದಾಗ ತಾನ ಹೊಂದತೈತಿ.” ಅವಳು ತನ್ನ ಬುಟ್ಟಿಯ ಹತ್ತಿರ ಹೋಗಿ ಕುಳಿತಳು.

ಒಂದು ತಾಸು ಕಳೆದಿರಲಿಲ್ಲ, ಮುಂಡಗೋಡ ಕಡೆಯ ಚಿಗಳ್ಳಿಯ ಕಾಳಿನ ವ್ಯಾಪಾರಿ ಸೋಮಪ್ಪ ಬಸ್ಸಿನಿಂದ ಇಳಿದು ಬಂದ. ಕಂಕುಳಲ್ಲಿ ಹೊಸ ಚಪ್ಪಲಿ. “ಏನಪಾ ಗೂಳಪ್ಪಾ, ಇವು ಚಪ್ಪಲಿನೋ ದೋಣಿನೋ? ಮನಿಯೊಳಗ ಒಮ್ಮೆ ಕಾಲ ಇಟ್ಟ ನೋಡಿದೆ, ಸಾಕಾತು.”

ಗೂಳಪ್ಪ ಹಿಂದೆ ತಿರುಗಿ, ತಟ್ಟಿಯ ಬಲಗಡೆ ಸೋಮಪ್ಪನದೆಂದು ಸಿಕ್ಕಿಸಿದ್ದ ಕಡ್ಡಿ ಎಳೆದ. ಹಿಮ್ಮಡಿಯ ತುದಿಯಲ್ಲಿ ಶಿಲುಬೆ ಇತ್ತು. ಪೆದ್ರುವಿನದೆಂದು ಎಡಗಡೆ ಸಿಕ್ಕಿಸಿದ್ದ ಕಡ್ಡಿಯನ್ನು ಅದರ ಪಕ್ಕದಲ್ಲಿಟ್ಟ. ಅದು ಒಂದು ಹೆಬ್ಬೆರಳಿನಷ್ಟು ಗಿಡ್ಡ.

ಪೆದ್ರುವಿನ ಪಾದಕ್ಕೆ ಸರಿಯಾದ ಜೋಡು ಈಗ ಅವನ ಕೈಯಲ್ಲೇ ಇತ್ತು. ಕ್ರಿಸ್ತಿನಾ ಇಪ್ಪತ್ತು ಹೆಜ್ಜೆ ದೂರದಲ್ಲಿ ಯಾರಿಗೋ ಅಂಟುವಾಳ ಅಳೆದು ಹಾಕುತ್ತಿದ್ದಳು. ಎದ್ದು ಹೋಗಿ ‘ತಪ್ಪು ನನ್ನದವ್ವಾ’ ಎಂದು ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಕ್ಕ ಮಂದಿ ಇನ್ನೂ ಚಹಾ ಮುಗಿಸಿರಲಿಲ್ಲ. ಮುಂದಿನ ಸಂತೆಗೆ ಬರುತ್ತಾಳಲ್ಲ, ಯಾರೂ ಇಲ್ಲದಾಗ ಕೊಟ್ಟರಾಯಿತು ಎಂದುಕೊಂಡು ಜೋಡನ್ನು ಗೋಣಿಚೀಲದ ಕೆಳಗೆ ತಳ್ಳಿದ. ಸೋಮಪ್ಪನಿಗೆ ಬೇರೆ ಕಟ್ಟಿಕೊಡುವುದಾಗಿ ಹೇಳಿ ಕಳಿಸಿದ.

ಮುಂದಿನ ಸಂತೆಗೆ ಕ್ರಿಸ್ತಿನಾ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಜೋಡನ್ನು ಕಳಿಸಬಹುದಿತ್ತು. ಇವತ್ತು ನಾಳೆ ಎನ್ನುತ್ತ ಗೂಳಪ್ಪ ದಿನ ದೂಡಿದ. ಮಳೆಗಾಲ ಹಿಡಿದ ಮೇಲೆ ಸುದ್ದಿ ಬಂತು. ಉಂಗುಟ ಕಚ್ಚಿದ ಗಾಯಕ್ಕೆ ಕೆಸರು ತಾಗಿ ನಂಜೇರಿ, ಪೆದ್ರುವಿನ ಬಲಗಾಲ ಹೆಬ್ಬೆರಳನ್ನು ಹುಬ್ಬಳ್ಳಿಯಲ್ಲಿ ತೆಗೆದರಂತೆ. ಆ ದಿನ ಗೂಳಪ್ಪ ಹಿಡಿದ ಕೆಲಸವನ್ನು ಅಲ್ಲೇ ಬಿಟ್ಟು ಎದ್ದ. ಗೋಣಿಚೀಲದ ಕೆಳಗಿನ ಜೋಡನ್ನೂ ಶಿಲುಬೆಯ ಕಡ್ಡಿಯನ್ನೂ ಒಟ್ಟಿಗೆ ಕಟ್ಟಿ ಒಲೆಗೆ ಹಾಕಲು ಹೋದ, ಕೈ ಬರಲಿಲ್ಲ. ಸಾಮಾನಿನ ಪೆಟ್ಟಿಗೆಯ ತಳಕ್ಕಿಟ್ಟ.

ದಸರೆ ಮುಗಿದ ಮೇಲೆ ಪೆದ್ರು ತಾನೇ ಬಂದ, ಜೊತೆಗೆ ಹೆಂಡತಿ. ಜಗಳಕ್ಕೆ ಬಂದಿದ್ದರೆ ಗೂಳಪ್ಪ ಬದುಕುತ್ತಿದ್ದ. ಪೆದ್ರು ಬಂದದ್ದು ಹೊಸ ಚಪ್ಪಲಿ ಕೇಳಲು.

“ನಿಮ್ಮ ಕೆಲಸದಾಗ ಊನ ಇಲ್ಲಣ್ಣಾ. ಇಕಿ ಕಡ್ಡಿ ಗಿಡ್ಡ ಕಡದಾಳ, ನಮ್ಮ ತಪ್ಪು. ವಾಚರ್ ಕೆಲಸ ಹೋತು. ಕಟ್ಟಿಗಿ ಡಿಪೋದಾಗ ಗೇಟ್ ಕಾಯ್ತೇನಿ. ಆದ್ರ ಕುಂತು ಕುಂತು ನನಗ ಹುಚ್ಚ ಹಿಡಿಯೂದೊಂದ ಬಾಕಿ. ನಡಿಯೂ ಹಂಗ ಏನರ ಕಟ್ಟಿಕೊಡ್ರಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಕಳ್ಳ ಎಂದವರೇ ಇಲ್ಲ, ಆದರೂ ಗೂಳಪ್ಪನ ಕೈ ಪೆಟ್ಟಿಗೆಯ ಮುಚ್ಚಳದ ಮೇಲೆ ಹೋಗಿ ಕೂತಿತು. ಬಾಯಿ ತೆರೆದ. “ಕಟ್ಟೂಣು ಬಿಡು” ಎಂದಷ್ಟೇ ಹೊರಗೆ ಬಂತು.

ಹೆಬ್ಬೆರಳಿಲ್ಲದ ಕಾಲಿಗೆ ಉಂಗುಟದ ಚಪ್ಪಲಿ ನಿಲ್ಲುವುದಿಲ್ಲ. ಮೊದಲು ಅಗಲವಾದ ಪಟ್ಟಿ ಹಾಕಿ ಕಟ್ಟಿದ, ಇಳಿಜಾರಿನಲ್ಲಿ ಕಳಚಿ ಮುಂದೆ ಓಡಿತು. ಎರಡು ಪಟ್ಟಿ ಹಾಕಿದ, ಉಳಿದ ಬೆರಳುಗಳು ಉಜ್ಜಿದವು. ಹೀಗೇ ವರ್ಷಗಳು ಹೋದವು. ಬೇರೆಯವರ ಕೆಲಸ ಬದಿಗಿಟ್ಟು ಆ ಒಂದು ಬಲಗಾಲಿಗಾಗಿ ಗೂಳಪ್ಪ ಅಲೆದಾಡಿದ. ಒಮ್ಮೆ ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ, ಹಿಮ್ಮಡಿಯ ಹಿಂದೆ ಬಕಲ್ ಪಟ್ಟಿಯಿದ್ದ ಚಪ್ಪಲಿ ಮೆಟ್ಟಿದ ಮುದುಕನ ಕಾಲೆದುರು ರಸ್ತೆಯಲ್ಲೇ ಕುಕ್ಕುರುಗಾಲಲ್ಲಿ ಕೂತುಬಿಟ್ಟ. ಮುದುಕ ನಕ್ಕು, ಚಪ್ಪಲಿ ಬಿಚ್ಚಿ ಇವನ ಕೈಗೇ ಕೊಟ್ಟ. ಊರಿನವರು ಇದನ್ನೆಲ್ಲ ಕಂಡು ಗೂಳಪ್ಪನನ್ನು ದೊಡ್ಡ ಮನಸ್ಸಿನವನು ಎಂದರು. ಹೊಗಳಿಕೆ ಅವನಿಗೆ ಬೈಗಳಕ್ಕಿಂತ ಕಹಿಯಾಗಿ ಹತ್ತಿತು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಕ್ರಿಸ್ತಿನಾ. ಅವಳು ಅಳೆಯುವುದನ್ನೇ ಬಿಟ್ಟಿದ್ದಳು. ಗಿರಾಕಿ ಬಂದರೆ ಸೇರನ್ನು ಅವರ ಕೈಗೇ ಕೊಡುತ್ತಿದ್ದಳು. “ನೀವ ಅಳಕೋರಿ. ನನ್ನ ಅಳತಿ ನೆಟ್ಟಗಿಲ್ಲ.” ಜನ ಸೇರಿಗೆ ಒಂದು ಹಿಡಿ ಹೆಚ್ಚೇ ತುಂಬಿಕೊಂಡು ಹೋಗುತ್ತಿದ್ದರು, ಜನವೇ ಹಾಗೆ. ಮಾಡಿದ್ದುಣ್ಣೋ ಮಹಾರಾಯ ಎಂಬುದು ಗಾದೆ. ಇಲ್ಲಿ ಮಾಡಿದವನು ಒಬ್ಬ, ಉಣ್ಣುವವಳು ಇನ್ನೊಬ್ಬಳು. ಸಂತೆ ಸಂತೆಗೂ ಗೂಳಪ್ಪ ಇದನ್ನು ಇಪ್ಪತ್ತು ಹೆಜ್ಜೆ ದೂರದಿಂದ ನೋಡಿದ. ಪೆಟ್ಟಿಗೆಯ ತಳದ ಗಂಟು ಮಾಲವ್ವನ ಕಣ್ಣಿಗೂ ಬಿದ್ದಿತ್ತು. “ಹೇಳಿ ಬಿಡ್ರೀ, ಅನ್ನಾ ಆದ್ರೂ ಒಳಗ ಹೋದೀತು” ಎನ್ನುತ್ತಿದ್ದಳು. ಅವನು ತಾಟಿನ ಮುಂದಿನಿಂದ ಎದ್ದು ಹೋಗುತ್ತಿದ್ದ.

ಎಂಬತ್ತಮೂರರ ಚಳಿಗಾಲಕ್ಕೆ ಚಪ್ಪಲಿ ಕೂಡಿಬಂತು. ಹಿಂದೆ ಬಕಲ್ ಪಟ್ಟಿ, ಮುಂದೆ ಬೆರಳಿಲ್ಲದ ಜಾಗಕ್ಕೆ ಮೆತ್ತನೆಯ ಚರ್ಮದ ದಿಂಡು. ಪೆದ್ರು ಮೆಟ್ಟಿಕೊಂಡು ಕೆರೆಯತನಕ ಹೋಗಿ ಬಂದ. ಕಳಚಲಿಲ್ಲ, ಉಜ್ಜಲಿಲ್ಲ. ಬೆವೆತ ಮುಖದ ತುಂಬ ನಗು.

“ನೋಡಿದಿ?” ಎಂದ, ಬುಟ್ಟಿ ಬಿಟ್ಟು ನೋಡಲು ಬಂದಿದ್ದ ಹೆಂಡತಿಗೆ. “ಕಾಲು ಎದುರಿಗಿದ್ರ ಹಿಂಗ ಆಕ್ಕೈತಿ. ನಿನ್ನ ಕಡ್ಡಿ ನಂಬಿ ನಾ ಬಟ್ಟು ಕಳಕೊಂಡೆ.” ಸಿಟ್ಟಿನ ಮಾತಲ್ಲ, ಹಳೆಯ ಚೇಷ್ಟೆ. ಕ್ರಿಸ್ತಿನಾ ಎಂದಿನಂತೆ ನೆಲ ನೋಡಿದಳು.

ಗೂಳಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಪೆಟ್ಟಿಗೆ ತೆರೆದು ತಳದಿಂದ ಗಂಟು ತೆಗೆದು ಬಿಚ್ಚಿದ. ಕಡ್ಡಿಯನ್ನು ಪೆದ್ರುವಿನ ಎಡಪಾದದ ಪಕ್ಕದಲ್ಲಿಟ್ಟ. ಹಿಮ್ಮಡಿಯಿಂದ ಹೆಬ್ಬೆರಳ ತುದಿಯತನಕ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬಲಪಾದಕ್ಕೆ ಇಡಲು ಹೋದ ಕೈ ನಡುವೆಯೇ ನಿಂತಿತು.

“ಕಡ್ಡಿ ಖರೇ ಇತ್ತು. ಅದಲು ಬದಲು ಮಾಡಿದಾವ ನಾನು. ಈ ಜೋಡು ನಿನಗಂತ ಕಟ್ಟಿದ್ದು. ಚಿಗಳ್ಳಿ ಸೋಮಪ್ಪ ತಿರುಗಿ ತಂದು ಕೊಟ್ಟಾಗ ನನಗ ತಿಳೀತು.”

ಪೆದ್ರು ಜೋಡನ್ನು ಕೈಗೆತ್ತಿಕೊಂಡ. ಬಲಗಾಲ ಚಪ್ಪಲಿಯ ಉಂಗುಟದಲ್ಲಿ ಬೆರಳಾಡಿಸಿದ. “ಐದು ವರ್ಷ ಇಕಿಗೆ ಅಂದೆನಲ್ಲೋ, ದೇವರೇ” ಎಂದು ತನ್ನಷ್ಟಕ್ಕೆ ತಾನೇ ಅಂದುಕೊಂಡ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗೂ ಬರಲಿಲ್ಲ.

ಕ್ರಿಸ್ತಿನಾ ಕಡ್ಡಿ ತೆಗೆದುಕೊಂಡು ಶಿಲುಬೆಯ ಗೀರಿನ ಮೇಲೆ ಹೆಬ್ಬೆಟ್ಟು ಒತ್ತಿದಳು.

“ಸೋಮಪ್ಪ ಯಾವತ್ತ ಬಂದಿದ್ದರಿ?”

“ನೀ ಚಪ್ಪಲಿ ತಿರುಗಿ ತಂದಿದ್ದೆಲ್ಲಾ... ಅವತ್ತ. ಒಂದ ತಾಸಿನೊಳಗ.”

“ಅವತ್ತ ಇವರ ಬಟ್ಟು ಇತ್ತರಿ” ಎಂದಳು. “ನಾ ಅಲ್ಲೇ ಕುಂತಿದ್ನೆಲ್ಲಣ್ಣಾ. ಇಪ್ಪತ್ತು ಹೆಜ್ಜಿ.”

ಉತ್ತರಕ್ಕೆ ಅವಳು ಕಾಯಲಿಲ್ಲ. ಕಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನ ಬುಟ್ಟಿಯ ಹತ್ತಿರ ಹೋದಳು. ಅಲ್ಲೊಬ್ಬ ಮುದುಕಿ ಸೇರನ್ನು ಗೋಪುರದಂತೆ ತುಂಬಿಕೊಳ್ಳುತ್ತಿದ್ದಳು. ಕ್ರಿಸ್ತಿನಾ ಸೇರನ್ನು ಅವಳ ಕೈಯಿಂದ ತೆಗೆದುಕೊಂಡು ಬುಟ್ಟಿಗೆ ಸುರಿದು, ಮತ್ತೆ ತಾನೇ ತುಂಬಿ, ಅಂಗೈಯಿಂದ ಸಮ ಮಾಡಿ ಹಾಕಿದಳು. ಸಂಜೆಯತನಕ ಬಂದವರಿಗೆಲ್ಲ ಅವಳೇ ಅಳೆದು ಕೊಟ್ಟಳು. ಒಮ್ಮೆಯೂ ಚಪ್ಪರದ ಕಡೆ ತಿರುಗಿ ನೋಡಲಿಲ್ಲ.