ನೆಲ್ಲಿನ ವೇಷದ ಹುಲ್ಲು

ಬೆಳಿಗ್ಗೆ ಏಳಕ್ಕೆ ಯಾದಗಿರಿಯಲ್ಲಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿನ ಮೇಲೆ ಸೊನ್ನೆ. ಹೊರಟದ್ದು ಸುರಪುರದ ಹತ್ತಿರದ ದೇವಾಪುರಕ್ಕೆ, ನನ್ನ ತಾಯಿಯ ತಂಗಿ, ಚಿಗವ್ವ ನಾಗಮ್ಮನ ಮನೆಗೆ. ತಾಯಿ ತೀರಿದ ಮೇಲೆ ಕೂಲಿಗೆ ಗದ್ದೆಯ ಕಳೆ-ಕಸ ಕಿತ್ತು ನನ್ನನ್ನು ಓದಿಸಿದವಳು ಅವಳು. ಈಗ ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಹಿಂದಿನ ದಿನ ಫೋನಿನಲ್ಲಿ, "ನನ್ನ ಕಣ್ಣು ಹೋಗ್ಯಾವ. ಕೆಲಸಕ್ಕ ಬರಬ್ಯಾಡ ಅಂದಾರ," ಎಂದಿದ್ದಳು. ಅವಳ ದನಿ ಅಷ್ಟು ಸಣ್ಣದಾದದ್ದು ನಾನು ಕೇಳಿರಲಿಲ್ಲ.

ಭೀಮಾ ಸೇತುವೆ ದಾಟುವಾಗ ತಂಗಾಳಿಯಿತ್ತು. ಶಹಾಪುರದಲ್ಲಿ ಬಸ್ಸು ನಿಂತಾಗ ಇಳಿದು ಮಿರ್ಚಿ ಭಜಿ ತಿಂದೆ, ಚಿಗವ್ವನಿಗೂ ನಾಲ್ಕು ಕಟ್ಟಿಸಿಕೊಂಡೆ. ಸುರಪುರದಿಂದ ಟಂಟಂ ಆಟೋ. ಬಿಸಿಲು ಏರಿತ್ತು. ಕಾಲುವೆಯ ಎರಡೂ ಕಡೆ ನೆಲ್ಲು ಮೊಣಕಾಲುದ್ದ ನಿಂತಿತ್ತು.

ಚಿಗವ್ವನನ್ನು ಕರೆದುಕೊಂಡು ನೇರ ಅವಳು ಕೂಲಿಗೆ ಹೋಗುತ್ತಿದ್ದ ಗದ್ದೆಗೇ ಹೋದೆ. ಕೂಲಿ ಗುಂಪಿನ ಮುಂದಾಳು ಶರಣಮ್ಮ ಬದುವಿಗೆ ಬಂದಳು. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಈಕಿ ಹಿಡಿದ ಸಾಲಿನ್ಯಾಗ ಕಸ ಹಂಗೇ ಉಳ್ಯಾಕತ್ತದ."

ನಾನೂ ನೀರಿಗಿಳಿದೆ. ನೋಡಿದರೆ ಯಾವುದು ನೆಲ್ಲು, ಯಾವುದು ಕಸ ಎಂದು ನನಗೂ ತಿಳಿಯಲಿಲ್ಲ. ಅದೇ ಹಸಿರು, ಅದೇ ನಿಲುವು. ಬೆರಳಿಂದ ಮುಟ್ಟಿ ನೋಡಿ ಎರಡು ಬಗೆಯ ಗಿಡ ಕಿತ್ತು, ಎಲೆ ಕಾಂಡಕ್ಕೆ ಕೂಡುವ ಸಂದಿನ ಮೇಲೆ ಚಿಗವ್ವನ ಹೆಬ್ಬೆರಳು ಇರಿಸಿದೆ. "ಇಲ್ಲಿ ತೆಳ್ಳನ ಪೊರಿ ಹತ್ತತದಲ್ಲ, ಇದು ನೆಲ್ಲು. ಈ ಇನ್ನೊಂದರಾಗ ಪೊರಿ ಇಲ್ಲ. ಇದು ಕಸ."

"ಕಸದ ಬುಡ ಕೆಂಪಿರ್ತದಲ್ಲ?"

"ಎಲ್ಲಾದೂ ಒಂದೇ ಥರ ಹುಟ್ಟಂಗಿಲ್ಲ ಚಿಗವ್ವ. ಕೆಂಪಿದ್ದವು ಕಂಡ್ವು, ಕಿತ್ತಿರಿ. ಹಸರಿದ್ದವು ತಪ್ಪಿಸಿಕೊಂಡು ಬೀಜ ಉದುರಿಸಿದ್ವು. ಅವುಗಳ ಮಕ್ಕಳೂ ಬಹಳಷ್ಟು ಹಸರೇ ಹುಟ್ಟಿದ್ವು." ಇದು ಅವಳೊಬ್ಬಳ ಕೈಯಿಂದ ಆದದ್ದಲ್ಲ, ನೆಲ್ಲು ಬೆಳೆದಲ್ಲೆಲ್ಲ ನೂರಾರು ವರ್ಷ ಹೆಂಗಸರು ಕಿತ್ತು ಕಿತ್ತು ಆದದ್ದು ಎಂದೂ ಹೇಳಿದೆ.

"ಅಂದ್ರ ಹುಲ್ಲು ಶಾಣ್ಯಾ ಆಗ್ಯಾದ?"

"ಹುಲ್ಲಿಗೇನೂ ಗೊತ್ತಿಲ್ಲ. ನಿಮ್ಮ ಕಣ್ಣು ಚುರುಕಿದ್ವು. ಅದಕ್ಕ ಇಂಥಾದೇ ಉಳೀತು."

ಚಿಗವ್ವ ಸೀರೆ ಎತ್ತಿ ಕಟ್ಟಿ, ಹೆಬ್ಬೆರಳಿಂದ ಸಂದು ಸವರುತ್ತ ಸಾಲು ಹಿಡಿದಳು. ತುದಿ ಮುಟ್ಟುವಷ್ಟರಲ್ಲಿ ಹಿಡಿ ತುಂಬ ಕಸವಿತ್ತು. ಶರಣಮ್ಮ ಒಂದೊಂದನ್ನೂ ಮುಟ್ಟಿ ನೋಡಿದಳು, ಆಮೇಲೆ ತನ್ನ ಸಾಲಿಗೇ ತಿರುಗಿ ಹೋಗಿ ಅಲ್ಲಿಂದಲೂ ಮೂರು ಕಿತ್ತಳು. "ನಾಳಿಂದ ಬಾ ಯಕ್ಕ. ನಮಗೂ ಕಲಿಸು," ಎಂದಳು.

ಚಿಗವ್ವನ ಬಲಗಣ್ಣಿನಲ್ಲಿ ಪೊರೆ ಇದ್ದದ್ದೂ ನಿಜವೇ. ಮುಂದಿನ ವಾರ ಶಹಾಪುರದ ಡಾಕ್ಟರ ಹತ್ತಿರ ಬರಲು, ಬದುವಿನ ಮೇಲೆ ಭಜಿ ತಿನ್ನುತ್ತ ಒಪ್ಪಿದಳು. ನಾಳೆಯವರೆಗೆ ಕಾಯದೆ ಮತ್ತೆ ನೀರಿಗಿಳಿದಳು.

ಸಂಜೆ ಟಂಟಂ ಹೊರಟಾಗ ತಿರುಗಿ ನೋಡಿದೆ. ಉಳಿದವರೆಲ್ಲ ತಲೆ ಬಗ್ಗಿಸಿ ನೆಲ್ಲು ನೋಡುತ್ತಿದ್ದರು. ಚಿಗವ್ವನ ಕೈ ಮಾತ್ರ ನೆಲ್ಲಿನೊಳಗಿತ್ತು. ಮುಖವೆತ್ತಿ ಅವಳು ನನ್ನ ಗಾಡಿಯನ್ನೇ ನೋಡುತ್ತಿದ್ದಳು.