ಸಮುದ್ರಕ್ಕೆ ತುಂಬಿದ ಉಡಿ

ಆ ಹಸಿರು ಕುಪ್ಪಸದ ಖಣವನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಹುಡುಕಿ ತಂದವಳು ನಾನು. ಅಕ್ಕನ ಅತ್ತೆ ಕಮಲಾಪುರದಿಂದ ಫೋನ್ ಮಾಡಿ, "ಹಸ್ರು ಖಣ, ಹಸ್ರು ಬಳಿ, ಅರಿಶಿಣ, ಕುಂಕುಮ ತೊಗೊಂಡ್ ಬಾ ಯವ್ವಾ. ಖಣದ ಅಂಚು ಕೆಂಪ ಇರ್ಬೇಕು, ಕಪ್ಪ ಬ್ಯಾಡ," ಎಂದಿದ್ದರು. ಯಾರಿಗೆ ಎಂದು ಕೇಳಿದ್ದಕ್ಕೆ, "ಹೋದಲ್ಲೆಲ್ಲ ಗುಡಿ ಇರ್ತಾವಲ್ಲ," ಎಂದರು. ಸಮುದ್ರ ನೋಡಲು ಹೊರಟ ಪ್ರವಾಸದಲ್ಲಿ ಒಂದು ಗುಡಿಯೂ ಸೇರಿಕೊಳ್ಳುವುದು ನನಗೆ ಸಹಜವಾಗಿಯೇ ಕಂಡಿತು. ಆಟೋಗಳ ನಡುವೆ ದಾರಿ ಮಾಡಿಕೊಂಡು ಅಂಗಡಿಯಿಂದ ಅಂಗಡಿಗೆ ತಿರುಗಿ ಕೆಂಪಂಚಿನದನ್ನೇ ಆರಿಸಿದೆ. ಬಣ್ಣ ಬಿಡುತ್ತದೆಯೇ ಎಂದು ಅಂಗಡಿಯವನನ್ನು ಕೇಳಿದ್ದೆ ಕೂಡ. ಆ ಕಾಳಜಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಈ ಪ್ರವಾಸ ಅಕ್ಕನ ಸಲುವಾಗಿ ಎಂದು ಎಲ್ಲರೂ ಹೇಳಿದ್ದರು. ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಮೂರು ವರ್ಷ, ಸಣ್ಣವಳು ಆಗಷ್ಟೇ ನಡೆಯಲು ಕಲಿತಿದ್ದಳು. ಎರಡೂ ಸಲ ಹೊಟ್ಟೆ ಕೊಯ್ದು ತೆಗೆದದ್ದು. ಎರಡನೆಯ ಹೆರಿಗೆಯ ಸಮಯದಲ್ಲಿ ಡಾಕ್ಟರು ಅಕ್ಕ ಮತ್ತು ಭಾವ ಇಬ್ಬರಿಗೂ ಬಿಡಿಸಿ ಹೇಳಿದ್ದರು: ಮೂರನೆಯದು ಈ ಶರೀರಕ್ಕೆ ಒಳ್ಳೆಯದಲ್ಲ, ಬೇಕಾದರೆ ಈಗಲೇ ಆಪರೇಷನ್ ಮಾಡಿಬಿಡಬಹುದು. ಅಕ್ಕ ಹೂಂ ಅಂದಿದ್ದಳು. ಆಸ್ಪತ್ರೆಯ ವರಾಂಡದಲ್ಲಿ ನಿಂತಿದ್ದ ಅತ್ತೆ, "ಈಗೇನ್ ಅವಸರ ಅದ? ಒಂದ್ ಗಂಡ್ ಬರ್ಲಿ, ಆಮ್ಯಾಲ ಮಾಡ್ಸಮ," ಎಂದರು. ಭಾವ ತಾಯಿಯ ಮುಖ ನೋಡಿದ, ಡಾಕ್ಟರ ಮುಖ ನೋಡಿದ. ಅಕ್ಕನ ಮುಖ ಮಾತ್ರ ನೋಡಲಿಲ್ಲ. ಆಪರೇಷನ್ ಆಗಲಿಲ್ಲ.

ಅಂದಿನಿಂದ ಕಮಲಾಪುರದ ಆ ಮನೆಯಲ್ಲಿ ಅದೇ ಮಾತು. ಅಕ್ಕ ಒಲ್ಲೆ ಎನ್ನುತ್ತಲೇ ಇದ್ದಳು. ರೊಟ್ಟಿ ಬಡಿಯುತ್ತ ಎನ್ನುತ್ತಿದ್ದಳು, ಮಗುವಿನ ಬಟ್ಟೆ ಒಗೆಯುತ್ತ ಎನ್ನುತ್ತಿದ್ದಳು. ಅವಳ ದನಿ ಸಣ್ಣದು, ಆದರೆ ಮಾತು ಸ್ಪಷ್ಟ. ಆ ಮನೆಯಲ್ಲಿ ಅದು ತಿರುಗುವ ಫ್ಯಾನಿನ ಸದ್ದಿನ ಹಾಗೆ ಇತ್ತು. ಎಲ್ಲರ ಕಿವಿಗೂ ಬೀಳುತ್ತಿತ್ತು, ಯಾರೂ ಅದನ್ನು ಕೇಳುತ್ತಿರಲಿಲ್ಲ.

ಹೀಗಿರುವಾಗ ಭಾವ, "ಕಾರವಾರದ ಕಡೀಗಿ ಹೋಗಿ ಬರಮು, ನಿಮ್ಮಕ್ಕಗೂ ಜರಾ ಆರಾಮ ಆಗ್ತದ," ಎಂದಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ಭಾವನನ್ನು ನಾನು ಮಾಮಾ ಎಂದೇ ಕರೆಯುವುದು. "ಛಲೋ ಆಯ್ತು ನೋಡ್ರಿ ಮಾಮಾ," ಎಂದು ಹೊಗಳಿದೆ. ನಾನು ಮಕ್ಕಳನ್ನು ಹಿಡಿದರೆ ಅಕ್ಕ ಮಲಗಬಹುದು ಎಂದು ಲೆಕ್ಕ ಹಾಕಿ ಕೆಲಸಕ್ಕೆ ರಜೆ ಹಾಕಿದೆ.

ಕಮಲಾಪುರದಿಂದ ಬೆಳಕು ಹರಿಯುವ ಮೊದಲೇ ಹೊರಟೆವು. ಬಾಡಿಗೆ ಕಾರಿನ ಹಿಂಭಾಗದಲ್ಲಿ ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಮನೆಯ ನೀರಿನ ಎರಡು ಕ್ಯಾನು, ಒಂದು ಗೊನೆ ಕೆಂಪು ಬಾಳೆ. ಸಣ್ಣವಳು ದಾರಿಯುದ್ದಕ್ಕೂ ಅತ್ತೆಯ ತೊಡೆಯ ಮೇಲೆಯೇ ಇದ್ದಳು. ಅತ್ತೆಗೆ ಮೊಣಕಾಲು ನೋವು. ಆದರೂ ಒಂದು ಸಲವೂ ಮಗುವನ್ನು ಬೇರೆಯವರಿಗೆ ಕೊಡಲಿಲ್ಲ. ಬಾಳೆಹಣ್ಣನ್ನು ಬೆರಳಲ್ಲೇ ಕಿವುಚಿ ತಿನ್ನಿಸಿದರು, ವಾಂತಿಯಾದಾಗ ತಮ್ಮ ಸೆರಗಿನಿಂದಲೇ ಒರೆಸಿದರು. ಆಕೆ ಮೊಮ್ಮಕ್ಕಳನ್ನು ಪ್ರೀತಿಸುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನನ್ನು ಹೆಚ್ಚು ಕೆರಳಿಸುವುದು ಅದೇ.

ಜೇವರ್ಗಿ ಹತ್ತಿರ ಸೇತುವೆ ಬಂದಾಗ ದೊಡ್ಡವಳು ಕಿಟಕಿಗೆ ಮೂಗು ಒತ್ತಿದಳು. "ಚಿಗವ್ವಾ, ಇದಾ ಸಮುದ್ರ?"

"ಇದು ಭೀಮಾ ನದಿ."

"ಕೈ ಮುಗಿ," ಎಂದರು ಅತ್ತೆ. ಆಕೆಯೂ ಕಣ್ಣು ಮುಚ್ಚಿ ಕೈ ಮುಗಿದರು. ತುಟಿ ಅಲುಗುತ್ತಿತ್ತು. ಏನು ಬೇಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ಎಲ್ಲ ನೀರಿನ ಮುಂದೆಯೂ ಆಕೆ ಬೇಡುವುದು ಅದೊಂದನ್ನೇ.

ದಾರಿಯಲ್ಲಿ ಒಂದು ರಾತ್ರಿ ಕಳೆದು ಬೆಳಿಗ್ಗೆ ಕಾರವಾರ ಮುಟ್ಟಿದೆವು. ಅಲ್ಲಿ ಮೊದಲ ದಿನ ಚೆನ್ನಾಗಿಯೇ ಇತ್ತು. ಅಂದರೆ ಭಾವನಿಗೆ ಚೆನ್ನಾಗಿತ್ತು. ಬ್ಯಾಗು ಇಟ್ಟವನೇ ಚಡ್ಡಿ ಹಾಕಿಕೊಂಡು ನೀರಿಗೆ ಹೋದ. ರೂಮಿನಲ್ಲಿ ನಾವು ಮೂವರು ಹೆಂಗಸರು, ಇಬ್ಬರು ಮಕ್ಕಳು ಮತ್ತು ಮರಳು. ಸಣ್ಣವಳು ಮರಳು ತಿಂದಳು. ದೊಡ್ಡವಳು ಒದ್ದೆ ಫ್ರಾಕು ಬಿಚ್ಚಲು ಒಪ್ಪದೆ ನೆಲಕ್ಕೆ ಬಿದ್ದು ಅತ್ತಳು. ಡೈಪರಿನೊಳಗೆ ಸೇರಿದ ಮರಳಿನಿಂದ ಮಗುವಿನ ತೊಡೆ ಕೆಂಪಾಗಿತ್ತು. ಮಧ್ಯಾಹ್ನ ನಾನು ಇಬ್ಬರನ್ನೂ ಹೊರಗೆ ಒಂದು ಮರದ ನೆರಳಿಗೆ ಕರೆದುಕೊಂಡು ಹೋದೆ. ಅಕ್ಕ ಮಲಗಿದಳು. ಎದ್ದವಳು ಬರಿಗಾಲಿನಲ್ಲಿ ಓಡಿ ಬಂದಳು. "ಯಾಕ ಎಬ್ಬಸ್ಲಿಲ್ಲ ನೀ? ಯಾರರೆ ಕೇಳಿದ್ರೇನು?" ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು, ಕಣ್ಣಲ್ಲಿ ಹೆದರಿಕೆ. ಹಗಲು ಮಲಗಿದ್ದಕ್ಕೆ ಇಷ್ಟು ಹೆದರುವುದನ್ನು ಅವಳು ಯಾವಾಗ ಕಲಿತಳೋ ನನಗೆ ತಿಳಿಯದು. ನಮ್ಮ ಮನೆಯಲ್ಲಿದ್ದಾಗ ಭಾನುವಾರ ಅವಳನ್ನು ಎಬ್ಬಿಸಲು ನೀರು ಚಿಮುಕಿಸಬೇಕಾಗುತ್ತಿತ್ತು.

ಸಂಜೆ ಅವಳು ಮೊಣಕಾಲವರೆಗೆ ನೀರಿಗೆ ಇಳಿದಳು. ಅಲೆ ಹಿಂದೆ ಸರಿಯುವಾಗ ಪಾದದ ಕೆಳಗಿನ ಮರಳು ಜಾರಿತೆಂದು ಚೀರಿ, ನನ್ನ ತೋಳು ಹಿಡಿದು ನಕ್ಕಳು. "ಏ, ನೆಲಾನೇ ಹೊಂಟದಲ್ಲೇ!" ನಾನು ಇಡೀ ಪ್ರವಾಸಕ್ಕೆ ಮನಸ್ಸಿನಲ್ಲೇ ಧನ್ಯವಾದ ಹೇಳಿದೆ.

ಮರುದಿನ ಬೆಳಿಗ್ಗೆ ಅತ್ತೆ ಎಲ್ಲರನ್ನೂ ಬೇಗ ಎಬ್ಬಿಸಿದರು. ತಲೆಗೆ ನೀರು ಹಾಕಿಕೊಂಡು ಬಾ ಎಂದು ಅಕ್ಕನಿಗೆ ಹೇಳಿದರು, ಮಡಿಚಿಟ್ಟಿದ್ದ ಹಸಿರು ಸೀರೆ ಕೈಗೆ ಕೊಟ್ಟರು. ಗುಡಿಗೆ ಹೊರಟಿದ್ದೇವೆ ಎಂದುಕೊಂಡೆ. ನಡೆದದ್ದು ನೇರ ಸಮುದ್ರದ ಕಡೆಗೆ. ಭಾವನ ಕೈಯಲ್ಲಿ ತೆಂಗಿನಕಾಯಿ ಇತ್ತು. ಅಂದರೆ ಅವನಿಗೆ ಗೊತ್ತಿತ್ತು.

ನಮ್ಮ ಕಡೆ ನದಿಗೆ ಉಡಿ, ಅಂದರೆ ಮಡಿಲು, ತುಂಬುತ್ತಾರೆ. ಹೆಂಗಸಿಗೆ ತುಂಬಿದ ಹಾಗೆಯೇ ಖಣ, ಬಳೆ, ಕಾಯಿ, ಹಣ್ಣು ಎಲ್ಲವನ್ನೂ ನೀರಿಗೆ ಬಿಡುತ್ತಾರೆ. ಗಂಗವ್ವ ಅದನ್ನು ತೆಗೆದುಕೊಂಡು ಹೋದರೆ ಬೇಡಿದ್ದನ್ನು ಕೊಡುತ್ತಾಳೆ ಎಂದು ನಂಬಿಕೆ. ಅತ್ತೆ ಹಸಿ ಮರಳಿನ ಮೇಲೆ ನಾನು ತಂದ ಖಣ ಹಾಸಿ, ಅದರಲ್ಲಿ ನಾನು ತಂದ ಬಳೆ, ಕಾಯಿ, ಕೆಂಪು ಬಾಳೆಹಣ್ಣು ಇಟ್ಟರು. ಬಂದ ಅಲೆಗೆ ಅರಿಶಿಣ ಕುಂಕುಮ ಎರಚಿದರು. ಆಮೇಲೆ ಕೈ ಜೋಡಿಸಿ ಗಟ್ಟಿಯಾಗಿ ಹೇಳಿದರು: "ತಾಯೀ, ಭೀಮಾಗ ಕೇಳೀನಿ, ಕೃಷ್ಣಾಗ ಕೇಳೀನಿ. ಅವ್ರೆಲ್ಲಾ ಕಡೀಗಿ ನಿನ್ನ ಮನೀಗೇ ಬರ್ತಾರ. ಅದಕ್ಕ ನಾ ನಿನ್ನ ಹತ್ರಾನೇ ಬಂದೀನಿ. ಒಂದ್ ಗಂಡ್ ಕೂಸ್ ಕೊಡವ್ವಾ. ನೀ ಉಡಿ ತೊಗೊಂಡ್ರ ಕೊಟ್ಟಂಗ."

ಅಕ್ಕ ನನ್ನ ಕಡೆ ನೋಡಿದಳು. ನಾನು ಭಾವನ ಕಡೆ.

"ಇದಕ್ಕೇನ್ರಿ ಮಾಮಾ ನಾವು ಇಲ್ಲೀತನ ಬಂದಿದ್ದು?"

"ಅವ್ವಂದೊಂದು ಆಸಿ. ಉಡಿ ತುಂಬಿದ್ರ ಏನ್ ಹೋಗ್ತದ?"

"ಡಾಕ್ಟರ್ ಹೇಳಿದ್ದು ನೀವ್ ಕೇಳಿಲ್ಲೇನ್ರಿ?"

"ಡಾಕ್ಟರ್ ಎಲ್ಲಾರಿಗೂ ಹಂಗೇ ಅಂಜಸ್ತಾರ."

"ಏ ತಂಗೀ," ಎಂದರು ಅತ್ತೆ, ತಿರುಗಿಯೂ ನೋಡದೆ. "ಲಗ್ನ ಆಗ್ಲಾರದ ಹುಡುಗಿ ಇದ್ರಾಗ ಬಾಯಿ ಹಾಕಬಾರ್ದು. ನೀ ಕೂಸಿನ್ ಹಿಡ್ಕೋ."

ಕೂಸು ಅದಾಗಲೇ ನನ್ನ ಕಂಕುಳಲ್ಲೇ ಇತ್ತು.

ಅಕ್ಕ ಉಡಿಯನ್ನು ಎತ್ತಿಕೊಂಡು ಮೊಣಕಾಲುದ್ದ ನೀರಿಗೆ ಹೋಗಿ ಬಿಟ್ಟಳು. ಅಲೆ ಎಳೆದುಕೊಂಡಿತು. "ತೊಗೊಂಡ್ಳು! ನೋಡಿದೀ, ತೊಗೊಂಡ್ಳು!" ಅತ್ತೆಯ ಕಣ್ಣಲ್ಲಿ ನೀರು ಬಂತು. ಮುಂದಿನ ಅಲೆ ಎಲ್ಲವನ್ನೂ ತಂದು ನಮ್ಮ ಕಾಲಬುಡಕ್ಕೆ ಸುರಿಯಿತು. ಖಣ ಹಗ್ಗದಂತೆ ಹೊಸೆದುಕೊಂಡು ಮರಳು ತುಂಬಿತ್ತು. ಕಾಯಿ ಉರುಳುತ್ತ ಬಂದದ್ದೇ ತಡ, ದೊಡ್ಡವಳು ಓಡಿಹೋಗಿ ಎರಡೂ ಕೈಯಲ್ಲಿ ಅಪ್ಪಿ ತಂದು, "ಆಯೀ, ತೊಗೋ! ಬಂತು!" ಎಂದು ಅಜ್ಜಿಗೆ ಕೊಟ್ಟಳು.

"ದಂಡ್ಯಾಗೇ ಬಿಟ್ರ ಹ್ಯಾಂಗ ಹೋಗ್ತದ? ಇನ್ನಾ ಒಳಗ ಹೋಗು," ಎಂದರು ಅತ್ತೆ.

ಅಕ್ಕ ಸೊಂಟದವರೆಗೆ ಹೋದಳು. ಅವಳಿಗೆ ಈಜು ಬರುವುದಿಲ್ಲ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡಿತು, ಒಂದು ಅಲೆ ಅವಳನ್ನು ಮುಗ್ಗರಿಸಿತು. "ಸಾಕು, ಹೊರಗ ಬಾ!" ಎಂದು ನಾನು ಕಿರುಚಿದೆ. ಅವಳಿಗಿಂತ ಮೊದಲು ಕಾಯಿ ದಡಕ್ಕೆ ಬಂತು. ಮೂರನೆಯ ಸಲ ಭಾವ ಎಲ್ಲವನ್ನೂ ಖಣದಲ್ಲಿ ಕಟ್ಟಿ, ಬೌಂಡರಿಯಿಂದ ಚೆಂಡು ಎಸೆಯುವವನ ಹಾಗೆ ತೋಳು ಬೀಸಿ ಒಗೆದ. ಗಂಟು ದೂರ ಬಿದ್ದಿತು, ಮುಳುಗಿತು. ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿ ತೇಲಿ ಬಂತು. ದೊಡ್ಡವಳು ಚಪ್ಪಾಳೆ ತಟ್ಟಿದಳು. "ಪಪ್ಪಾ, ಮತ್ತ ಒಗೀ!" ಬಿಚ್ಚಿಕೊಂಡ ಗಂಟಿನಿಂದ ಬಾಳೆಹಣ್ಣು ಹೊರಬಿದ್ದದ್ದು ಕಂಡು ನನ್ನ ಕಂಕುಳಲ್ಲಿದ್ದವಳು ಅದು ಬೇಕೆಂದು ಅಳತೊಡಗಿದಳು.

ನಾವು ನದಿ ನೋಡಿ ಬೆಳೆದವರು. ನದಿಗೆ ಮುಂದಕ್ಕೆ ಹೋಗುವುದಷ್ಟೇ ಗೊತ್ತು, ಹಿಂದಿರುಗುವುದಲ್ಲ. ಒಂದು ಸಂಜೆ ದಂಡೆಯಲ್ಲಿ ಸುಮ್ಮನೆ ಕೂತಿದ್ದರೂ ಸಮುದ್ರ ಹಾಗಲ್ಲವೆಂದು ತಿಳಿಯುತ್ತಿತ್ತು. ಆದರೆ ಸಮುದ್ರ ನೋಡಲು ಬಂದವರಲ್ಲಿ ಅದನ್ನು ನೋಡಿದವರು ಯಾರು?

ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಅಕ್ಕನ ಹತ್ತಿರ ಹೋಗಿ ದನಿ ತಗ್ಗಿಸಿದರು. "ಖರೇ ಹೇಳು. ಮುಟ್ಟಾಗೀಯೇನು?"

"ಇಲ್ರಿ."

"ಮತ್ತ ಯಾಕ ಒಲ್ಲೆ ಅಂದ್ಳು ಆಕಿ? ನೀ ಮನಸ್ಸಿನಾಗ ಒಲ್ಲೆ ಅನ್ಕೋತ ಬಿಟ್ಟಿ. ಅದಕ್ಕೇ ಆಕಿ ತೊಗೊಳ್ಳಿಲ್ಲ."

ಅಕ್ಕ ಬಗ್ಗಿ ಖಣ ಎತ್ತಿಕೊಂಡಳು. ನೀರು ಹಿಂಡಿದಳು, ಕೊಡವಿದಳು. ಈ ಸಲ ಅವಳ ದನಿ ಸಣ್ಣದಾಗಿರಲಿಲ್ಲ.

"ಮನಸ್ಸಿನಾಗ ಯಾಕ್ರಿ ಅತ್ತೀ? ನಾ ಬಾಯಿಲೇ ಹೇಳ್ಕೋತ ಬಂದೀನಲ್ರಿ. ನಿಮ್ಗೂ ಹೇಳೀನಿ, ಇವ್ರಿಗೂ ಹೇಳೀನಿ. ನಾ ಒಲ್ಲೆ. ನನ್ನ ಮಾತ್ ಬ್ಯಾಡಂದ್ರ ಆಕಿ ಮಾತರೆ ಕೇಳ್ರಿ. ನೀವೇ ಕೇಳಿದ್ರಿ, ಆಕಿ ನಿಮ್ಮ ಮುಂದೇ ಒಲ್ಲೆ ಅಂದ್ಳು. ಇನ್ನ ಯಾರಿಗಿ ಕೇಳ್ತೀರಿ?"

ಅತ್ತೆ ಮರಳಿನ ಮೇಲೆ ಕುಸಿದು ಕೂತರು. ಭಾವ ಏನೋ ಹೇಳಲು ಬಾಯಿ ತೆರೆದ. "ನೀ ಸುಮ್ಕಿರು," ಎಂದರು ಆಕೆ ಮಗನಿಗೆ. ಕಾಲ ಹತ್ತಿರ ಬಿದ್ದಿದ್ದ ಕಾಯಿಯನ್ನು ಎತ್ತಿ ಮರಳು ಒರೆಸಿದರು. ಕೊನೆಗೆ, "ಆಕಿನೇ ಒಲ್ಲೆ ಅಂದಮ್ಯಾಲ ಮುಗೀತು," ಎಂದರು.

ಕಲಬುರಗಿಗೆ ಮರಳಿದ ಮೇಲೆ ಅಕ್ಕ ಆಪರೇಷನ್ ಮಾಡಿಸಿಕೊಂಡಳು. ಗಂಡಸರದ್ದು ಇನ್ನೂ ಸುಲಭ, ಮಾಮಾ ಮಾಡಿಸಿಕೊಳ್ಳಬಹುದಲ್ಲ ಎಂದು ನಾನು ಹೇಳಿದಾಗ ಭಾವ ನಗೆಚಾಟಿಕೆ ಕೇಳಿದವನ ಹಾಗೆ ನಕ್ಕ. "ನಿನ್ನ ತಂಗಿ ಭಾಳ ಓದ್ಯಾಳ ಬಿಡು," ಎಂದು ಅಕ್ಕನಿಗೆ ಹೇಳಿದ. ಎರಡು ಸಲ ಕೊಯ್ದ ಹೊಟ್ಟೆಯೇ ಮತ್ತೆ ಮೇಜಿನ ಮೇಲೆ ಮಲಗಿತು.

ಕಲಬುರಗಿಯಲ್ಲೇ, ಗಾಜಿಪುರ ಓಣಿಯ ನಮ್ಮ ಮನೆಯಲ್ಲಿ ಅವಳು ಸುಧಾರಿಸಿಕೊಳ್ಳುತ್ತಿದ್ದಾಗ ಅತ್ತೆ ನೋಡಲು ಬಂದರು. ನಾವು ಖಾಲಾ ಎಂದು ಕರೆಯುವ ಪಕ್ಕದ ಮನೆಯ ಮುಸ್ಲಿಂ ಹೆಂಗಸು ಕೂಡ ಬಂದಿದ್ದರು. ಅತ್ತೆ ಅವರಿಗೆ ಇಡೀ ಕಥೆ ಹೇಳಿದರು. ಖಣ ಹೇಗೆ ಬಂತು, ಕಾಯಿ ಹೇಗೆ ಬಂತು, ಮೂರು ಸಲವೂ ಹೇಗೆ ಬಂತು. "ಆ ತಾಯಿನೇ ಬ್ಯಾಡ ಅಂದ್ಳು ನೋಡ್ರಿ. ಆಮ್ಯಾಲ ನಾವು ಹಟ ಮಾಡ್ಲಿಲ್ಲ."

"ಊಪರ್‌ವಾಲೇ ಕೀ ಮರ್ಜಿ," ಎಂದರು ಖಾಲಾ, ಆಕಾಶದ ಕಡೆ ಕೈ ಎತ್ತಿ. "ಛಲೋ ಮಾಡಿದ್ರಿ ಬಿಡ್ರಿ."

"ಬ್ಯಾಡ ಅಂದಿದ್ದು ಅಕ್ಕ," ಎಂದೆ ನಾನು.

ಇಬ್ಬರೂ ನನ್ನ ಕಡೆ ನೋಡಿದರು. "ಹೌದವ್ವಾ, ಆಕಿನೂ ಅಂದ್ಳು," ಎಂದರು ಅತ್ತೆ, ಮಕ್ಕಳ ಮಾತಿಗೆ ಹೂಂಗುಡುವ ದನಿಯಲ್ಲಿ, ಮತ್ತು ಕಥೆ ಮುಂದುವರಿಸಿದರು. ಅಕ್ಕ ಹಾಸಿಗೆಯಿಂದ ನನಗೆ ಸುಮ್ಮನಿರು ಎಂದು ಕಣ್ಣು ಮಾಡಿದಳು. ಆಮೇಲೆ ನಾವಿಬ್ಬರೇ ಇದ್ದಾಗ ಹೇಳಿದಳು: "ಏನರೆ ಅನ್ಕೊಳ್ಳಿ ಬಿಡ. ನನ್ನ ಕೆಲಸ ಆಯ್ತಲ್ಲ." ಅವಳಿಗೆ ನಿಜವಾಗಿಯೂ ಅಷ್ಟು ಸಾಕಾಗಿತ್ತು. ಸಣ್ಣವಳನ್ನು ಪಕ್ಕಕ್ಕೆ ಎಳೆದುಕೊಂಡು ಹಗಲು ಹೊತ್ತಿನಲ್ಲೇ ನಿದ್ದೆ ಮಾಡಿದಳು.

ನನಗೆ ಸಾಕಾಗಿಲ್ಲ. ಸಮುದ್ರ ದಿನಕ್ಕೆರಡು ಸಲ ಹಿಂದೆ ಸರಿಯುತ್ತದೆ. ಇಳಿಯುವ ನೀರಿಗೆ ಸಿಕ್ಕ ಕಾಯಿ ದಂಡೆಗೆ ಬರಬೇಕೆಂದೇನೂ ಇಲ್ಲ. ಅತ್ತೆ ನಮ್ಮನ್ನು ಬೇರೆ ಹೊತ್ತಿನಲ್ಲಿ ಎಬ್ಬಿಸಿದ್ದರೆ ಉಡಿ ಹೋಗಿಬಿಡುತ್ತಿತ್ತೇನೋ. ಆಗ ಅಕ್ಕ ಒಲ್ಲೆ ಎಂಬ ಅದೇ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳಿದ್ದರೂ ಯಾರೂ ಮರಳಿನ ಮೇಲೆ ಕುಸಿದು ಕೂರುತ್ತಿರಲಿಲ್ಲ. ಭಾವ ಕಾಯಿ ಎಸೆದ ಕೈಯನ್ನು ಒರೆಸಿಕೊಂಡು ಈಜಲು ಹೋಗುತ್ತಿದ್ದ.