ತೊರೆ ನಿಂತ ಭಾನುವಾರ

ಥಾರ್ನ್‌ಕೋಟ್ ಬಂಗಲೆಯ ಹಿರಿಯ ಮಾಲಿ ಈನಾಕ್ ರ್ಯಾಗ್‌ನ ಮಾತು ಬಂದರೆ ಸಾಕು, "ಅವನದೇನು ಕಣ್ಣು ಕಣಪ್ಪಾ! ಚರ್ಚಿನ ಗೋಪುರದ ಮೇಲೆ ನಿಂತು ಬೇಲಿ ಮೇಲಿನ ಬಸವನಹುಳು ಎಣಿಸ್ತಾನೆ" ಎನ್ನುತ್ತಿದ್ದರು ಅಕ್ಕಪಕ್ಕದವರು. ಅದನ್ನು ಕೇಳಿದಾಗಲೆಲ್ಲ ಈನಾಕ್ ಮಾತು ಬೇರೆ ಕಡೆ ತಿರುಗಿಸುತ್ತಿದ್ದ. ಎರಡು ವರ್ಷದಿಂದ ಅವನ ಕಣ್ಣಿಗೆ ನಡುವೆಲ್ಲ ಮಂಜು, ಅಂಚಿನಲ್ಲಿ ಮಾತ್ರ ಚೂರು ಬೆಳಕು. ಅದು ಗೊತ್ತಿದ್ದವಳು ಹೆಂಡತಿ ಕೆಜಾಯ ಒಬ್ಬಳೇ. ಕೆಲಸ ಹೋದರೆ ಮಾಲಿಗೆಂದು ಕೊಟ್ಟ ಮನೆಯೂ ಹೋಗುತ್ತಿತ್ತು.

ಬಂಗಲೆಯ ಮುಂದಿನ ತೋಟದಲ್ಲಿ ಅವನಿಗೆ ಭಯವಿರಲಿಲ್ಲ. ಗೂಟ ನೆಟ್ಟು, ದಾರ ಬಿಗಿದು, ಅಂಗೈಯಲ್ಲಿ ಸವರಿ ಸವರಿ ಕತ್ತರಿ ಆಡಿಸಿದರೆ ಯೂ ಎಂಬ ದಟ್ಟೆಲೆಯ ಮರದ ಬೇಲಿ ಗೋಡೆ ಕಟ್ಟಿದಂತೆ ಬರುತ್ತಿತ್ತು, ಅದರ ತುದಿಯಲ್ಲಿ ಎಲೆ ಕತ್ತರಿಸಿ ಮಾಡಿದ ನವಿಲೂ. ಭಯವೆಲ್ಲ ಹಿಂದಿನ ಕಾಡುತೋಟದ್ದು. ಅಲ್ಲಿ ಕಾಲುದಾರಿಯ ಎಡಕ್ಕೆ ತೊರೆ, ಬಲಕ್ಕೆ ಹಳೆಯ ಕಲ್ಲುಗಣಿಯ ಕಮರಿ. ತೊರೆಯ ಸದ್ದನ್ನು ಎಡಗಿವಿಯಲ್ಲಿ ಹಿಡಿದುಕೊಂಡೇ ಅವನು ನಡೆಯುತ್ತಿದ್ದ.

ಪ್ರತಿ ವರ್ಷ ಮೇ ತಿಂಗಳ ಒಂದು ಭಾನುವಾರ ಊರ ದಾದಿಯ ಸಂಬಳದ ನಿಧಿಗೆ ಹಣ ಕೂಡಿಸಲು ತೋಟ ಎಲ್ಲರಿಗೂ ತೆರೆಯುತ್ತಿತ್ತು. ಆ ದಿನ ಹಿರಿಯ ಮಾಲಿಯೇ ಮುಂದೆ ನಡೆದು ಜನರನ್ನು ಕಾಡು ಸುತ್ತಿಸಬೇಕು. ಹಳೆಯ ದೊರೆಯ ಕಾಲದ ಕಟ್ಟಳೆ ಅದು.

ಆ ವರ್ಷ ನಲವತ್ತು ಜನ ಬಂದಿದ್ದರು.

"ಏನೋ ಈನಾಕ್, ಈ ಬೇಲಿ ನವಿಲಿನ ಕೊಕ್ಕು ಹೋದ್ಸಲಕ್ಕಿಂತ ಉದ್ದ ಆಗಿದೆಯಲ್ಲೋ?" ಎಂದ ಕಟುಕ ಟೈಟಸ್.

"ನಿನ್ನ ನಾಲಿಗೆ ನೋಡಿ ಕಲಿತಿದೆ ಕಣೋ!"

ಎಲ್ಲರೂ ನಕ್ಕರು. ನಗುತ್ತಲೇ ಕಾಡು ಹೊಕ್ಕರು. ಇಪ್ಪತ್ತು ಹೆಜ್ಜೆ ಇಟ್ಟ ಮೇಲೆ ಈನಾಕ್ ತಲೆ ವಾಲಿಸಿ ಆಲಿಸಿದ. ಎಡಗಿವಿಯಲ್ಲಿ ಏನೂ ಇರಲಿಲ್ಲ.

"ತೊರೆ ಬತ್ತಿಹೋಗಿದೆ ನೋಡು," ಎಂದ ಟೈಟಸ್, "ಕೆಳಗಿನ ಕೊಳ ತೊಳೆಯೋಕೆ ನಿನ್ನೆ ಮೇಲಿನ ತೂಬು ಮುಚ್ಚಿಸಿದ್ರಂತಲ್ಲ ಬಂಗಲೆ ಅಮ್ಮಾವ್ರು. ನಿಂಗೆ ಚೀಟಿ ಕೊಟ್ಟಿರಬೇಕಲ್ಲ?"

"ಕೊಟ್ಟಿದ್ರು, ಕೊಟ್ಟಿದ್ರು."

ಚೀಟಿ ಜೇಬಿನಲ್ಲೇ ಇತ್ತು. ಕೆಜಾಯಳಿಂದ ಓದಿಸಲು ಮರೆತಿದ್ದ.

ನಿಂತರೆ ಗುಟ್ಟು ಬಯಲು. ನಡೆದ. ಪಕ್ಕದಲ್ಲೇ ನೆರೆಯ ಹೆಂಗಸು ನೆಲ್ ಬ್ಯಾಗ್‌ಶಾ ತನ್ನ ಕೂಸಿನ ತಳ್ಳುಗಾಡಿ ನೂಕಿಕೊಂಡು, ಅವನ ಹೆಜ್ಜೆಯನ್ನೇ ನಂಬಿಕೊಂಡು ಬರುತ್ತಿದ್ದಳು. ಕಾಲಡಿಯ ತರಗೆಲೆ ಯಾವಾಗ ಮುಗಿಯಿತೋ ಗೊತ್ತಾಗಲಿಲ್ಲ. ಪೊದೆ ಕವಿದ ಕಮರಿಯ ಅಂಚು ಹಿಂದಿನವರಿಗೂ ಕಾಣಲಿಲ್ಲ. ಬೂಟಿಗೆ ಸಿಕ್ಕ ಒಂದು ಕಲ್ಲು ಉರುಳಿತು. ಅದು ಬಿದ್ದ ಸದ್ದು ಬಹಳ ಹೊತ್ತಿನ ಮೇಲೆ ಬಹಳ ಕೆಳಗಿನಿಂದ ಬಂತು. ಅದೇ ಕ್ಷಣ ನೆಲ್ ಕಿರುಚಿದಳು. ಗಾಡಿಯ ಮುಂದಿನ ಚಕ್ರ ಗಾಳಿಯಲ್ಲಿತ್ತು. ಟೈಟಸ್ ಹಾರಿ ಬಂದು ಹಿಡಿಯನ್ನು ಎಳೆದುಕೊಂಡ.

ನೆಲ್ ಕೂಸನ್ನು ಎತ್ತಿ ಅಪ್ಪಿಕೊಂಡಳು. ಆಮೇಲೆ ಟೈಟಸನೇ ಗಹಗಹಿಸಿ ನಕ್ಕ. "ಲೋ ಕಿಲಾಡಿ, ಕಮರಿ ತೋರ್ಸೋಕೆ ಕರ್ಕೊಂಡ್ ಬಂದ್ಯಾ? ಎದೆ ಒಡೆದುಹೋಗ್ತಿತ್ತಲ್ಲೋ!"

ಎಲ್ಲರೂ ನಕ್ಕರು. ಈನಾಕನೂ ಹಲ್ಲು ಕಿರಿದ. "ಅಷ್ಟು ಧೈರ್ಯ ಇದ್ರೆ ವಾಪಸ್ ದಾರೀಲಿ ನೀನೇ ಮುಂದೆ ನಡಿ, ನೋಡೋಣ" ಎಂದ. ಟೈಟಸನ ಬೂಟಿನ ಸದ್ದು ಹಿಡಿದು ಹಿಂದೆ ನಡೆದು ಹಾಗೇ ಪಾರಾದ.

ಸಂಜೆ ಕೆಜಾಯ ಚಹಾ ಇಟ್ಟಳು. ಅವನು ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಯಾರ್ಗೂ ತಿಳೀಲಿಲ್ಲ ತಾನೇ? ಬಿಟ್ಬಿಡಿ ಅಂದ್ರೆ."

"ಗಾಡಿ ವಾಲಿದಾಗ ಕೂಸು ಕೇಕೆ ಹಾಕಿ ನಕ್ತು ಕೆಜಾಯ. ಆಟ ಅಂದ್ಕೊಂಡಿತ್ತು."

ಕೆಸರು ಬೂಟಿನಲ್ಲೇ ಬಂಗಲೆಗೆ ಹೋಗಿ ಒಡತಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಅವರು ಬಯ್ಯಲಿಲ್ಲ. "ಎಷ್ಟು ದಿನದಿಂದ?" ಎಂದಷ್ಟೇ ಕೇಳಿದರು. ಹೊಸ ಮಾಲಿ ಸೆಪ್ಟೆಂಬರ್ ಕೊನೆಗೆ ಬರುವುದೆಂದಾಯಿತು.

ಹೊರಡುವ ದಿನ ಸಾಮಾನಿನ ಗಾಡಿ ಕೆಜಾಯಳ ತಂಗಿ ಇದ್ದ ಪೇಟೆಯ ಕಡೆಗೆ ಮುಂದಾಗಿ ಹೋಯಿತು. ನೆರೆಯವರು ಬೇಲಿಯಾಚೆ ನಿಂತಿದ್ದರು. ಕೆಜಾಯ ತೋಳು ಚಾಚಿದಳು. ಎಲ್ಲರೆದುರು ಈನಾಕ್ ಅದನ್ನು ಹಿಡಿದುಕೊಂಡ. ಮನೆ ಮುಂದಿನ ಮೂರು ಮೆಟ್ಟಿಲು ಅವನ ಕಾಲಿಗೆ ಗೊತ್ತಿದ್ದವು, ಸರಾಗ ಇಳಿದ. ಗೇಟು ದಾಟಿದ ಮೇಲೆ ಪೇಟೆಯ ಕಡೆಗಿನ, ಕಾಲಿಗೆ ಗೊತ್ತಿಲ್ಲದ ರಸ್ತೆ. ಅವಳ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಪಾದದಿಂದ ನೆಲ ತಡವುತ್ತ ಮೊದಲ ಹೆಜ್ಜೆ ಇಟ್ಟ.